ಆ ಹುಡುಗನಿಗೆ ಜಾಮೀನು ಯಾರು?



ಊರಿನ ಒಬ್ಬ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದರೆಂಬ ಸುದ್ದಿ ಬಂದಾಗ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಯಾವುದು? ‘ಏನು ಮಾಡಿದನಂತೆ?’ ಎಂಬುದು. ಎರಡನೆಯದು, ‘ಯಾರ ಮಗ ಅವನು?’ ಎಂಬುದು. ಈ ಎರಡಕ್ಕೂ ಉತ್ತರ ಸಿಕ್ಕಿತೆಂದರೆ ನಾವು ತಲೆಯಾಡಿಸಿ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಮೂರನೆಯ ಪ್ರಶ್ನೆ ಒಂದಿದೆ. ಅದನ್ನು ಕೇಳುವವರು ಕಡಿಮೆ: ‘ಅವನ ಕೂಡ ಯಾರು ಹೋಗಿದ್ದಾರೆ?’ ಈ ವಾರದ ನಮ್ಮ ಪಾಠ ಆ ಮೂರನೆಯ ಪ್ರಶ್ನೆಯನ್ನು ಕುರಿತದ್ದು.

ಸೆರೆಯಲ್ಲಿದ್ದವರನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲಿ ಒಂದು ಎಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳಿಗೆ ಸಾಂತ್ವನ ಇವೆಲ್ಲ ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚುಕಡಿಮೆ ನಡೆದುಕೊಂಡು ಬಂದಿವೆ. ಸೆರೆಯ ಬಾಗಿಲಿಗೆ ಬಂದಾಗ ಮಾತ್ರ ನಮ್ಮ ಕಾಲು ಹಿಂದೆ ಸರಿಯುತ್ತದೆ. ಅದರಲ್ಲೂ ಹದಿನೆಂಟು ತುಂಬದ ಮಕ್ಕಳು ಕಾನೂನಿನ ಕೈಗೆ ಸಿಕ್ಕಿದಾಗ ಅದು ನಮಗೆ ಸಂಬಂಧಿಸಿದ್ದಲ್ಲ, ಸರಕಾರದ ಕೆಲಸ ಎಂದುಕೊಳ್ಳುತ್ತೇವೆ. ಸರಕಾರದ ಕೆಲಸ ಹೌದು. ಆದರೆ ಆ ಕೆಲಸದಲ್ಲಿ ಊರಿನವರಿಗೂ ಪಾಲು ಇರಬೇಕೆಂದು ಕಾನೂನೇ ಹೇಳುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯಿದೆ. ಅದು 2016ರ ಜನವರಿ 15ರಂದು ಜಾರಿಗೆ ಬಂತು. ಹದಿನೆಂಟು ವರ್ಷ ತುಂಬದ ಯಾವ ಮಗುವನ್ನೂ ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಕಾಯಿದೆಯು ಆ ಮಗುವನ್ನು ‘ಅಪರಾಧಿ’ ಎಂದು ಕರೆಯುವುದಿಲ್ಲ; ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಮಾತು ಉದ್ದವಾಯಿತು ಎನ್ನಿಸಬಹುದು. ಆದರೆ ಒಂದು ಮಗುವಿಗೆ ಆಯುಷ್ಯಪೂರ್ತಿ ಅಂಟಿಕೊಳ್ಳುವ ಹೆಸರನ್ನು ಇಡುವುದಕ್ಕಿಂತ ಒಂದು ಉದ್ದನೆಯ ಮಾತು ಆಡುವುದು ಮೇಲಲ್ಲವೇ?

ಪ್ರತಿ ಪೊಲೀಸ್ ಠಾಣೆಯಲ್ಲಿ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗುವನ್ನು ಹಿಡಿದ ಮೇಲೆ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ತಂದೆತಾಯಿಗೆ ತಿಳಿಸಬೇಕು. ಪರಿವೀಕ್ಷಣಾಧಿಕಾರಿಗೂ ತಿಳಿಸಬೇಕು. ಅವರು ಎರಡು ವಾರದೊಳಗೆ ಮಗುವಿನ ಮನೆ, ಶಾಲೆ, ನೆರೆಹೊರೆಯ ಸ್ಥಿತಿಗತಿಯನ್ನು ವಿಚಾರಿಸಿ ವರದಿ ಕೊಡಬೇಕು. ಮಂಡಳಿಯಲ್ಲಿ ಒಬ್ಬ ನ್ಯಾಯಾಧೀಶರು ಹಾಗೂ ಇಬ್ಬರು ಸಮಾಜ ಸೇವಕರು ಇರುತ್ತಾರೆ; ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಹೆಚ್ಚೆಂದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧದ ವಿಚಾರಣೆ ಅಷ್ಟರೊಳಗೂ ಮುಗಿಯದಿದ್ದರೆ ಅದನ್ನು ಅಲ್ಲಿಗೇ ಕೈಬಿಡಬೇಕು. ವಿಚಾರಣೆಯ ಕಾಲದಲ್ಲಿ ಮನೆಗೆ ಹೋಗಲಾಗದ ಮಗು ವೀಕ್ಷಣಾಲಯದಲ್ಲಿ ಇರುತ್ತದೆ. ಅದು ಜೈಲಲ್ಲ. ಆದರೂ ಅಲ್ಲಿ ಬಾಗಿಲು ಇದೆ, ಬೀಗವೂ ಇದೆ. ಸಾಯಂಕಾಲವಾದರೆ ಅಮ್ಮನ ನೆನಪೂ ಬರುತ್ತದೆ.

ಇಂಥ ಮಕ್ಕಳೇ ದೇಶವನ್ನು ಹಾಳುಮಾಡುತ್ತಿದ್ದಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 58 ಲಕ್ಷ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಮಕ್ಕಳ ಮೇಲಿನವು 30,555. ಅಂದರೆ ನೂರಕ್ಕೆ ಒಂದೂ ಇಲ್ಲ, ಅರ್ಧ ಮಾತ್ರ. ಹಿಡಿಯಲ್ಪಟ್ಟವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಹದಿನಾರರಿಂದ ಹದಿನೆಂಟರ ನಡುವಿನ ವಯಸ್ಸಿನವರು. ಮೀಸೆ ಮೂಡುತ್ತಿರುವ, ಬುದ್ಧಿ ಇನ್ನೂ ಬಲಿಯಬೇಕಾದ ವಯಸ್ಸು ಅದು.

ಘತ್ತರಗಿಯಿಂದ ಕಲಬುರಗಿಗೆ

ಕಾನೂನು ಪುಸ್ತಕದಲ್ಲಿ ಚೆನ್ನಾಗಿದೆ. ಹಳ್ಳಿಯ ಬಾಗಿಲಿಗೆ ಅದು ಹೇಗೆ ಬರುತ್ತದೆ? ತಿಳಿವಳಿಕೆಗಾಗಿ ಒಂದು ಉದಾಹರಣೆಯನ್ನು ನಾವೇ ಕಟ್ಟಿಕೊಳ್ಳೋಣ. ಇದು ಯಾರ ಕಥೆಯೂ ಅಲ್ಲ, ಆದರೆ ಯಾರದಾದರೂ ಆಗಬಹುದಾದ ಕಥೆ.

ಅಫಜಲಪುರ ತಾಲೂಕಿನ ಘತ್ತರಗಿ ಭೀಮಾ ನದಿಯ ದಂಡೆಯ ಮೇಲಿದೆ. ಅಮಾವಾಸ್ಯೆ ಬಂತೆಂದರೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ದೂರದ ಊರುಗಳಿಂದ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಅಂಥ ಒಂದು ಗದ್ದಲದ ದಿನ ಹದಿನೈದು ವರ್ಷದ ಒಬ್ಬ ಹುಡುಗ ಭಕ್ತರೊಬ್ಬರ ಮೊಬೈಲ್ ಎತ್ತಿದನೆನ್ನಿ. ಜನ ಹಿಡಿದರು, ನಾಲ್ಕೇಟು ಹಾಕಿದರು, ಪೊಲೀಸರಿಗೆ ಒಪ್ಪಿಸಿದರು. ಅವನ ತಂದೆತಾಯಿ ಊರಲ್ಲಿಲ್ಲ. ಕಬ್ಬು ಕಡಿಯಲೆಂದೋ ಕಟ್ಟಡದ ಕೆಲಸಕ್ಕೆಂದೋ ಗುಳೆ ಹೋಗಿದ್ದಾರೆ. ಮನೆಯಲ್ಲಿ ಇರುವುದು ಅಜ್ಜಿ ಮತ್ತು ತಂಗಿ. ಹುಡುಗ ಎಂಟನೆಯ ಇಯತ್ತೆಯಲ್ಲೇ ಶಾಲೆ ಬಿಟ್ಟವನು.

ಅವನನ್ನು ಜಿಲ್ಲಾ ಕೇಂದ್ರವಾದ ಕಲಬುರಗಿಗೆ ಕರೆದೊಯ್ಯುತ್ತಾರೆ. ಕಾನೂನಿನ ಪ್ರಕಾರ ಅವನಿಗೆ ಜಾಮೀನು ಸಿಗಲೇಬೇಕು. ಬಿಟ್ಟರೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಾಗುತ್ತದೆ ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ನಂಬಲು ಕಾರಣವಿದ್ದರೆ ಮಾತ್ರ ಮಂಡಳಿ ನಿರಾಕರಿಸಬಹುದು. ಹಣ ಕಟ್ಟಿಸಿಕೊಳ್ಳದೆಯೂ ಬಿಡಬಹುದು. ಪರಿವೀಕ್ಷಣಾಧಿಕಾರಿಯ ಅಥವಾ ಒಬ್ಬ ‘ಯೋಗ್ಯ ವ್ಯಕ್ತಿ’ಯ ಮೇಲ್ವಿಚಾರಣೆಗೂ ಒಪ್ಪಿಸಬಹುದು. ಜಾಮೀನು ಸಿಕ್ಕಿಯೂ ಅದರ ಷರತ್ತನ್ನು ಏಳು ದಿನದೊಳಗೆ ಪೂರೈಸಲಾಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತನ್ನು ಸಡಿಲಿಸಬೇಕೆಂದೂ ಕಾಯಿದೆಯಲ್ಲಿದೆ.

ಇಷ್ಟೆಲ್ಲ ಇದ್ದೂ ಹುಡುಗ ಒಳಗೇ ಉಳಿಯಬಹುದು. ಯಾಕೆ? ಬರುವವರಿಲ್ಲ. ಅಜ್ಜಿಗೆ ದಾರಿ ಗೊತ್ತಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಆಕೆ ಬಸ್ಸಿನಲ್ಲಿ ಟಿಕೆಟ್ ಹಣ ಕೊಡದೆ ಕಲಬುರಗಿಗೆ ಬರಬಹುದು. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಯಾವ ಕಚೇರಿ, ಯಾವ ಬಾಗಿಲು, ಯಾವ ಕಾಗದ ಎಂಬುದು ತಿಳಿದುಬಿಡುತ್ತದೆಯೇ? ಕೂಲಿ ಬಿಟ್ಟು ಬಂದವಳಿಗೆ ‘ಇವತ್ತು ಸಾಹೇಬರಿಲ್ಲ, ನಾಳೆ ಬಾ’ ಎಂದರೆ ಆಕೆ ಎಷ್ಟು ಸಲ ಬಂದಾಳು? ಪೇಟೆಯ ಶ್ರೀಮಂತನ ಮಗ ಇದೇ ತಪ್ಪು ಮಾಡಿದ್ದರೆ ಸಂಜೆಯೊಳಗೆ ಮನೆಯಲ್ಲಿರುತ್ತಿದ್ದ. ಇಬ್ಬರ ತಪ್ಪೂ ಒಂದೇ. ಒಬ್ಬನ ಹಿಂದೆ ಜನ ಇದ್ದರು, ಇನ್ನೊಬ್ಬನ ಹಿಂದೆ ಇರಲಿಲ್ಲ.

ಸ್ವಯಂಸೇವಕ ಎಂದರೆ ಆ ‘ಹಿಂದೆ ಇರುವ ಜನ’. ಇಷ್ಟೇ ವಿಷಯ.

ಸಂತ ಪೌಲರ ಪುಟ್ಟ ಪತ್ರ

ಈ ಸೇವೆಗೆ ಮಾದರಿಯಾಗಿ ಒಂದು ಭಾಗವನ್ನು ಮನೆಯಲ್ಲಿ ಓದಲು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರ. ಇಪ್ಪತ್ತೈದೇ ವಚನ, ಐದು ನಿಮಿಷದಲ್ಲಿ ಓದಿ ಮುಗಿಸಬಹುದು. ಒನೇಸಿಮ ಎಂಬ ಗುಲಾಮನು ತನ್ನ ಒಡೆಯ ಫಿಲೆಮೋನನನ್ನು ಬಿಟ್ಟು ದೂರವಾಗಿದ್ದಾನೆ. ಅವನು ಏನು ಮಾಡಿದನೆಂದು ಪತ್ರ ಬಿಡಿಸಿ ಹೇಳುವುದಿಲ್ಲ. ಏನೋ ನಷ್ಟವಾಗಿರಬಹುದೆಂಬ ಸೂಚನೆ ಮಾತ್ರ ಇದೆ. ಅವನು ಪೌಲರ ಬಳಿಗೆ ಬಂದಾಗ ಪೌಲರು ತಾವೇ ಸೆರೆಯಲ್ಲಿದ್ದರು. ಅಲ್ಲಿಂದ ಅವನನ್ನು ಒಡೆಯನ ಬಳಿಗೆ ಕಳಿಸುತ್ತಾ ಈ ಪತ್ರ ಬರೆಯುತ್ತಾರೆ. ನಾಲ್ಕು ಸಂಗತಿಗಳನ್ನು ಗಮನಿಸಿ.

ಒಂದು: ಪೌಲರು ಅವನನ್ನು ತಪ್ಪಿನಿಂದ ಗುರುತಿಸುವುದಿಲ್ಲ, ಹೆಸರಿನಿಂದ ಗುರುತಿಸುತ್ತಾರೆ. ತಮ್ಮ ಮಗನೆಂದೇ ಕರೆಯುತ್ತಾರೆ. ಒನೇಸಿಮ ಎಂದರೆ ಉಪಯುಕ್ತ ಎಂದರ್ಥ. ಕೆಲಸಕ್ಕೆ ಬಾರದವನೆನಿಸಿಕೊಂಡವನು ಇನ್ನು ತನ್ನ ಹೆಸರಿಗೆ ತಕ್ಕಂತೆ ಇರುತ್ತಾನೆಂದು ಮೃದುವಾಗಿ ನೆನಪಿಸುತ್ತಾರೆ.

ಎರಡು: ಬಾಕಿಯನ್ನು ಅವರು ಅಲ್ಲಗಳೆಯುವುದಿಲ್ಲ. ‘ಹೋಗಲಿ ಬಿಡು, ಹುಡುಗ’ ಎಂದು ತೇಲಿಸುವುದಿಲ್ಲ. ನಷ್ಟವಾದವನಿಗೆ ನಷ್ಟವಾಗಿದೆ.

ಮೂರು: ಆ ಬಾಕಿಯನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ; ತಾವೇ ತೀರಿಸುವುದಾಗಿ ಸ್ವಂತ ಕೈಯಿಂದ ಬರೆದುಕೊಡುತ್ತಾರೆ. ಇದೇ ಜಾಮೀನು.

ನಾಲ್ಕು: ತಮಗಾಗಿ ಒಂದು ಕೋಣೆ ಸಿದ್ಧಮಾಡಿರಿ ಎಂದು ಕೊನೆಗೆ ಹೇಳುತ್ತಾರೆ. ಅಂದರೆ, ‘ಕಳಿಸಿ ಮರೆಯುವವನಲ್ಲ ನಾನು, ಬಂದು ನೋಡುತ್ತೇನೆ’ ಎಂಬ ಸೂಚನೆ.

ಇನ್ನೊಂದು ಮಾತು. ಪತ್ರ ಫಿಲೆಮೋನನೊಬ್ಬನಿಗೇ ಅಲ್ಲ, ಅವನ ಮನೆಯಲ್ಲಿ ಸೇರುವ ಸಭೆಗೂ ಸೇರಿಸಿ ಬರೆದದ್ದು. ಒಬ್ಬನನ್ನು ಮರಳಿ ಸ್ವೀಕರಿಸುವುದು ಒಂದು ಮನೆಯ ಖಾಸಗಿ ವಿಷಯವಲ್ಲ, ಇಡೀ ಸಮುದಾಯದ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ. ಹೆಸರಿನಿಂದ ಕರೆಯುವುದು, ತಪ್ಪನ್ನು ಮರೆಮಾಚದಿರುವುದು, ಹೊಣೆ ಹೊರುವುದು, ಮತ್ತೆ ಹೋಗಿ ನೋಡುವುದು ಈ ನಾಲ್ಕೂ ಸೇರಿದರೆ ಸ್ವಯಂಸೇವಕನ ಕೆಲಸ ಪೂರ್ತಿಯಾಗುತ್ತದೆ.

ಈ ದಾರಿಯಲ್ಲಿ ನಡೆದವರು

1841ರಲ್ಲಿ ಗುರುಪಟ್ಟ ಪಡೆದ ಡಾನ್ ಬಾಸ್ಕೊರವರನ್ನು ಸಂತ ಜೋಸೆಫ್ ಕಫಾಸೊರವರು ಇಟಲಿಯ ತುರಿನ್ ನಗರದ ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗರನ್ನು ಅಲ್ಲಿ ಕಂಡು ಅವರು ತಲ್ಲಣಿಸಿದರು. ಬಿಡುಗಡೆಯಾದವರೇ ಮತ್ತೆ ಮತ್ತೆ ಒಳಗೆ ಬರುತ್ತಿದ್ದುದನ್ನು ನೋಡಿ, ಹೊರಗೆ ಇವರನ್ನು ಕೇಳುವವರಿಲ್ಲದ್ದೇ ಇದಕ್ಕೆ ಕಾರಣವೆಂದು ಅರಿತುಕೊಂಡರು. ಅವರು ಮಾಡಿದ್ದು ಬರೀ ಉಪದೇಶವಲ್ಲ. ಹುಡುಗರಿಗೆ ಕೆಲಸ ಹುಡುಕಿದರು. ಕೆಲಸ ಕಲಿಸುವ ಮಾಲೀಕರೊಡನೆ ಕರಾರುಪತ್ರ ಮಾಡಿಸಿದರು. 1852ರಲ್ಲಿ ಒಬ್ಬ ಹುಡುಗನನ್ನು ಬಡಗಿಯೊಬ್ಬನ ಬಳಿ ಸೇರಿಸಿದಾಗಿನ ಕರಾರು ಇಂದಿಗೂ ಉಳಿದಿದೆ. ಹುಡುಗನನ್ನು ಹೊಡೆಯಬಾರದು, ಮಾತಿನಿಂದಲೇ ತಿದ್ದಬೇಕು, ಹಬ್ಬದ ದಿನ ಬಿಡುವು ಕೊಡಬೇಕು ಎಂಬ ಷರತ್ತುಗಳು ಅದರಲ್ಲಿವೆ. ಹುಡುಗನ ನಡತೆಗೆ ಹೊಣೆಯಾಗಿ ಡಾನ್ ಬಾಸ್ಕೊರವರೂ ಅದಕ್ಕೆ ಸಹಿ ಹಾಕಿದ್ದಾರೆ.

ನಮ್ಮ ದೇಶದಲ್ಲಿ ಮುಂಬಯಿಯ ಪತ್ರಕರ್ತೆ ಶೀಲಾ ಬರ್ಸೆಯವರನ್ನು ನೆನೆಯಬೇಕು. ದೊಡ್ಡವರ ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳ ಪರವಾಗಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ನ್ಯಾಯಾಲಯವು ಮಕ್ಕಳನ್ನು ಜೈಲಿನಲ್ಲಿ ಇಡಬಾರದೆಂದು ಹೇಳಿ, ಇಡೀ ದೇಶಕ್ಕೆ ಒಂದೇ ಕಾನೂನು ಬೇಕೆಂದಿತು. ಅದೇ ವರ್ಷ ಸಂಸತ್ತು ಮೊದಲ ಬಾಲನ್ಯಾಯ ಕಾಯಿದೆಯನ್ನು ಅಂಗೀಕರಿಸಿತು. ಅವರು ಅಧಿಕಾರಿಯಲ್ಲ, ವಕೀಲರೂ ಅಲ್ಲ. ಹೋಗಿ ನೋಡಿದವರು, ನೋಡಿದ್ದನ್ನು ಸುಮ್ಮನೆ ಬಿಡದವರು. ಆದರೂ ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಗಲಿಲ್ಲ. 2018ರ ಫೆಬ್ರವರಿಯಲ್ಲಿ ಸಂಪೂರ್ಣಾ ಬೆಹುರಾ ಎಂಬುವರ ಅರ್ಜಿಯ ಮೇಲೆ ತೀರ್ಪು ಕೊಡುತ್ತಾ, ಬಾಲನ್ಯಾಯ ವ್ಯವಸ್ಥೆಯಲ್ಲಿ ಖಾಲಿ ಇರುವ ಸ್ಥಾನಗಳನ್ನು ತುಂಬಿರೆಂದು ಸುಪ್ರೀಂ ಕೋರ್ಟು ಸರಕಾರಗಳಿಗೆ ಮತ್ತೆ ಹೇಳಬೇಕಾಯಿತು.

ಧರ್ಮಸಭೆಯೊಳಗೆ ಸೆರೆವಾಸಿಗಳ ಸೇವೆಗೆಂದೇ 1981ರಲ್ಲಿ ಕೇರಳದಲ್ಲಿ ಹುಟ್ಟಿದ ‘ಪ್ರಿಜನ್ ಮಿನಿಸ್ಟ್ರಿ ಇಂಡಿಯಾ’ ಸಂಸ್ಥೆಯು ಸ್ವಯಂಸೇವಕರ ಬಲದಿಂದಲೇ ದೇಶದಾದ್ಯಂತ ಬೆಳೆದಿದೆ. ಅದರ ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ಬೆಂಗಳೂರಿನ ಬೀದಿಮಕ್ಕಳ ನಡುವೆ ಡಾನ್ ಬಾಸ್ಕೊ ಸಭೆಯವರು 1980ರಲ್ಲಿ ಆರಂಭಿಸಿದ ಸೇವೆ ‘ಬಾಸ್ಕೊ’ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತ. ಜಗದ್ಗುರು ಫ್ರಾನ್ಸಿಸ್‌ರವರು ತಮ್ಮ ಮೊದಲ ಪವಿತ್ರ ಗುರುವಾರವನ್ನು, 2013ರ ಮಾರ್ಚ್ 28ರಂದು, ರೋಮಿನ ಕಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಸೆರೆಮನೆಯಲ್ಲಿ ಕಳೆದರು. ಹನ್ನೆರಡು ಮಂದಿ ಯುವಜನರ ಪಾದಗಳನ್ನು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಹತ್ತು ವರ್ಷದ ನಂತರ, 2023ರಲ್ಲಿ, ಅದೇ ಸ್ಥಳಕ್ಕೆ ಮತ್ತೆ ಹೋದರು. ಮತ್ತೆ ಹೋದದ್ದು ಮುಖ್ಯ.

ನಾವು ಏನು ಮಾಡಬಹುದು?

‘ಫಾದರ್, ನಮಗೆ ಕಾನೂನು ಗೊತ್ತಿಲ್ಲ, ನಾವು ಹೋಗಿ ಏನು ಮಾಡೋಣ?’ ಎಂದು ನೀವು ಕೇಳಬಹುದು. ಕಾನೂನು ತಿಳಿದವರ ಕೊರತೆಗಿಂತ ಬರುವವರ ಕೊರತೆಯೇ ದೊಡ್ಡದು. ಕೆಲವು ದಾರಿಗಳನ್ನು ಹೇಳುತ್ತೇನೆ.

ನಿವೃತ್ತ ಶಿಕ್ಷಕರು ವಾರಕ್ಕೊಮ್ಮೆ ಓದು, ಬರಹ, ಲೆಕ್ಕ ಹೇಳಿಕೊಡಬಹುದು. ಶಾಲೆ ಬಿಟ್ಟ ಹುಡುಗನನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡಿಸಿದರೆ ಅವನ ಬದುಕಿನ ದಿಕ್ಕೇ ಬದಲಾಗಬಹುದು. ಹೊಲಿಗೆ, ವಿದ್ಯುತ್ ಕೆಲಸ, ಮೋಟಾರು ದುರಸ್ತಿ ಬಲ್ಲವರು ಅದನ್ನು ಕಲಿಸಬಹುದು. ಯುವಕರು ವಾಲಿಬಾಲ್, ಕಬಡ್ಡಿ ಆಡಬಹುದು, ಹಾಡು ಕಲಿಸಬಹುದು. ಏನೂ ಕಲಿಸಲಾಗದವರು ಕೂತು ಕೇಳಬಹುದು. ಅದು ಎಲ್ಲಕ್ಕಿಂತ ಕಷ್ಟದ ಕೆಲಸ, ಎಲ್ಲಕ್ಕಿಂತ ಬೇಕಾದ ಕೆಲಸ. ಇದಕ್ಕೆಲ್ಲ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಂಡು ಅನುಮತಿ ಪಡೆಯಬೇಕು. ಒಂದು ಗುಂಪಾಗಿ, ಧರ್ಮಕೇಂದ್ರದ ಹೆಸರಿನ ಮೂಲಕ ಹೋದರೆ ಸುಲಭ.

ಒಳಗೆ ಹೋಗದೆಯೂ ಮಾಡುವ ಕೆಲಸವಿದೆ. ಘತ್ತರಗಿಯ ಆ ಅಜ್ಜಿಯಂಥವರ ಕೂಡ ಮಂಡಳಿಗೆ ಹೋಗಿ ಬರುವುದು. ಗುಳೆ ಹೋದ ತಂದೆತಾಯಿಯ ಫೋನ್ ನಂಬರ್ ಹುಡುಕಿ ಮಾತಾಡಿಸುವುದು. ವಯಸ್ಸಿನ ದಾಖಲೆಗಾಗಿ ಶಾಲೆಯಿಂದ ಪ್ರಮಾಣಪತ್ರ ತರಲು ನೆರವಾಗುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಮಗುವಿಗೆ ಉಚಿತ ವಕೀಲರು ಸಿಗುತ್ತಾರೆಂದು ತಿಳಿಸುವುದು. 1987ರ ಕಾಯಿದೆಯ ಪ್ರಕಾರ ಮಕ್ಕಳಿಗೆ ಈ ನೆರವು ಕೊಡುವಾಗ ಆದಾಯದ ಮಿತಿ ನೋಡುವುದಿಲ್ಲ. ಈ ಪ್ರಾಧಿಕಾರವೇ ಊರಿನವರನ್ನು ಕಾನೂನು ಸ್ವಯಂಸೇವಕರನ್ನಾಗಿ ತರಬೇತುಗೊಳಿಸುತ್ತದೆ.

ಇನ್ನೂ ಮುಂದೆ ಹೋಗಬಲ್ಲವರಿಗೂ ಸ್ಥಾನವಿದೆ. ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದ ಕೆಲಸದಲ್ಲಿ ಕನಿಷ್ಠ ಏಳು ವರ್ಷ ಸಕ್ರಿಯರಾಗಿ ದುಡಿದವರು ಬಾಲನ್ಯಾಯ ಮಂಡಳಿಯ ಸಮಾಜ ಸೇವಕ ಸದಸ್ಯರಾಗಲು ಅರ್ಜಿ ಹಾಕಬಹುದು. ನಮ್ಮ ಶಾಲೆ, ಆಸ್ಪತ್ರೆ, ಸೇವಾಕೇಂದ್ರಗಳಲ್ಲಿ ದುಡಿದ ಭಗಿನಿಯರೂ ಗೃಹಸ್ಥರೂ ಎಷ್ಟು ಮಂದಿ ಇಲ್ಲ? ಸರಕಾರ ಅರ್ಜಿ ಕರೆದಾಗ ನಮ್ಮವರ ಹೆಸರು ಅಲ್ಲಿ ಯಾಕೆ ಇರಬಾರದು?

ಏನು ಮಾಡಬಾರದು?

ಒಳ್ಳೆಯ ಮನಸ್ಸು ಇದ್ದರೆ ಸಾಲದು, ವಿವೇಕವೂ ಬೇಕು.

‘ನೀನು ಏನು ಮಾಡಿ ಬಂದೆ?’ ಎಂದು ಕೇಳಬೇಡಿ. ಅದು ಮಂಡಳಿಯ ಪ್ರಶ್ನೆ, ನಿಮ್ಮದಲ್ಲ. ಅವನಾಗಿ ಹೇಳಿದರೆ ಕೇಳಿ, ಹೊರಗೆ ಹೇಳಬೇಡಿ. ಫೋಟೊ ತೆಗೆಯಬೇಡಿ. ಮಗುವಿನ ಹೆಸರು, ವಿಳಾಸ, ಶಾಲೆ ಇವುಗಳಲ್ಲಿ ಯಾವುದನ್ನೂ ಪ್ರಕಟಿಸಬಾರದೆಂದು ಕಾಯಿದೆಯ 74ನೆಯ ವಿಧಿ ಹೇಳುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಕ್ರಿಸ್ಮಸ್ ಕೇಕ್ ಹಂಚುತ್ತಿರುವ ಚಿತ್ರವನ್ನು ಮೊಬೈಲಿನ ಗುಂಪಿಗೆ ಹಾಕುವ ಮೊದಲು ಇದು ನೆನಪಿರಲಿ.

ಹಣ, ಫೋನು, ಚೀಟಿ ಗುಟ್ಟಾಗಿ ಒಯ್ಯಬೇಡಿ. ಒಬ್ಬರೇ ಹೋಗಬೇಡಿ, ಮಗುವಿನೊಂದಿಗೆ ಮರೆಯಲ್ಲಿ ಇರಬೇಡಿ. ‘ನಿನ್ನನ್ನು ಮುಂದಿನ ವಾರ ಬಿಡಿಸುತ್ತೇನೆ’ ಎಂಬಂಥ ಮಾತು ಕೊಡಬೇಡಿ. ಮಗುವಿಗೆ ಯಾರಾದರೂ ಹೊಡೆದ ಅಥವಾ ಕೆಡುಕು ಮಾಡಿದ ಸುಳಿವು ಸಿಕ್ಕರೆ ಮಾತ್ರ ಗುಟ್ಟು ಕಾಯಬೇಡಿ. ಮಂಡಳಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ತಿಳಿಸಿ. ಲೈಂಗಿಕ ದೌರ್ಜನ್ಯವಾದರೆ ತಿಳಿಸುವುದು ಕಾನೂನಿನ ಕಡ್ಡಾಯ.

ಮಗುವಿನ ಧರ್ಮವನ್ನು ಗೌರವಿಸಿ. ಭಾಗ್ಯವಂತಿಯ ಹೆಸರಿನಲ್ಲಿ ಕೈಮುಗಿಯುವ ಹುಡುಗ ಹಾಗೆಯೇ ಕೈಮುಗಿಯಲಿ. ನಮಾಜು ಮಾಡುವವನು ಮಾಡಲಿ. ದಿಕ್ಕುಗೆಟ್ಟ ಮಗುವಿನ ದೌರ್ಬಲ್ಯವನ್ನು ಉಪಯೋಗಿಸಿಕೊಳ್ಳುವುದು ಸೇವೆಯಲ್ಲ. ಒಳ್ಳೆಯ ಸಮಾರ್ಯದವನು ಗಾಯಗೊಂಡವನ ಮತ ಯಾವುದೆಂದು ಕೇಳಲಿಲ್ಲ, ತನ್ನ ಮತವನ್ನು ಬೋಧಿಸಲೂ ಇಲ್ಲ; ಗಾಯ ಕಟ್ಟಿ, ಛತ್ರದವನಿಗೆ ಹಣ ಕೊಟ್ಟು, ಮತ್ತೆ ಬರುವುದಾಗಿ ಹೇಳಿ ಹೋದ.

ಎಲ್ಲಕ್ಕಿಂತ ಮುಖ್ಯವಾದದ್ದು: ಒಂದು ಸಲ ಹೋಗಿ ಮಾಯವಾಗುವುದಾದರೆ ಹೋಗಲೇಬೇಡಿ. ಆ ಮಕ್ಕಳನ್ನು ಬಿಟ್ಟುಹೋದವರ ಪಟ್ಟಿ ಆಗಲೇ ಉದ್ದವಾಗಿದೆ. ಅದಕ್ಕೆ ನಮ್ಮ ಹೆಸರನ್ನೂ ಸೇರಿಸುವುದು ಬೇಡ. ವರ್ಷಕ್ಕೊಮ್ಮೆ ಹಣ್ಣಿನ ಬುಟ್ಟಿ ಹೊತ್ತು ಬರುವ ನೂರು ಜನರಿಗಿಂತ ತಿಂಗಳಿಗೆ ಎರಡು ಸಲ ಬರಿಗೈಯಲ್ಲಿ ಬರುವ ಒಬ್ಬನೇ ಮೇಲು.

‘ಹಾಗಾದರೆ ತಪ್ಪಿಗೆ ಶಿಕ್ಷೆ ಬೇಡವೇ?’

ಇದು ನ್ಯಾಯವಾದ ಪ್ರಶ್ನೆ. ಮೊಬೈಲ್ ಕಳೆದುಕೊಂಡವರಿಗೆ ನಷ್ಟವಾಗಿದೆ. ಇನ್ನು ಕೆಲವು ಮಕ್ಕಳ ಕೈಯಿಂದ ಆಗಬಾರದ್ದು ಆಗಿಹೋಗಿದೆ. ಹೆಣ್ಣುಮಗಳೊಬ್ಬಳ ಬಾಳು ಹಾಳಾಗಿರಬಹುದು, ಒಂದು ಮನೆಯ ದೀಪ ಆರಿರಬಹುದು. ಅವರ ಕಣ್ಣೀರನ್ನು ಮರೆತು ಹುಡುಗನ ಬೆನ್ನು ತಟ್ಟುವುದು ಕರುಣೆಯಲ್ಲ. 2012ರ ದಿಲ್ಲಿಯ ಘಟನೆಯ ತರುವಾಯ ಕಾನೂನು ಈ ವಿಷಯದಲ್ಲಿ ಬಿಗಿಯಾಯಿತು. ಹದಿನಾರು ದಾಟಿದವನು ಘೋರ ಅಪರಾಧ ಮಾಡಿದನೆಂಬ ಆರೋಪವಿದ್ದರೆ ಮಂಡಳಿಯು ಅವನ ಮಾನಸಿಕ ಹಾಗೂ ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ತಿಳಿಯುವ ಶಕ್ತಿ, ಸಂದರ್ಭ ಇವನ್ನು ಪರಿಶೀಲಿಸಿ, ದೊಡ್ಡವನಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಆದರೂ ಮರಣದಂಡನೆಯಾಗಲಿ ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯಾಗಲಿ ವಿಧಿಸುವಂತಿಲ್ಲ.

ಉಳಿದ ಪ್ರಕರಣಗಳಲ್ಲಿ ಮಂಡಳಿಯ ಕೈಯಲ್ಲಿ ಹಲವು ಉಪಾಯಗಳಿವೆ: ಬುದ್ಧಿ ಹೇಳಿ ಮನೆಗೆ ಕಳಿಸುವುದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ತಂದೆತಾಯಿ ಅಥವಾ ಯೋಗ್ಯ ವ್ಯಕ್ತಿಯ ಹೊಣೆಯಲ್ಲಿ ಸದ್ವರ್ತನೆಯ ಮೇಲೆ ಬಿಡುವುದು, ಕೊನೆಗೆ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹಕ್ಕೆ ಕಳಿಸುವುದು. ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯ ಎಂಬುದೇ ಕಾಯಿದೆಯ ತತ್ತ್ವ.

ದೇವರ ದಯೆಯು ನ್ಯಾಯವನ್ನು ರದ್ದುಮಾಡುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂದು ಸಂತ ತೋಮಸ್ ಅಕ್ವ್ಯೆನಾಸರು ವಿವರಿಸುತ್ತಾರೆ. ಸಾಲ ತೀರಿಸಬೇಕಾದವನು ತನ್ನ ಹಣದಿಂದ ಕೊಡಬೇಕಾದದ್ದಕ್ಕಿಂತ ಇನ್ನಷ್ಟು ಕೊಟ್ಟರೆ ನ್ಯಾಯಕ್ಕೆ ಯಾವ ಕುಂದೂ ಇಲ್ಲ. ನಮ್ಮ ವಿಷಯಕ್ಕೆ ಅನ್ವಯಿಸಿದರೆ ಹೀಗೆ: ಹುಡುಗನಿಗೆ ತನ್ನ ತಪ್ಪಿನ ಭಾರ ತಿಳಿಯಬೇಕು, ನೊಂದವರಿಗೆ ಪರಿಹಾರ ಸಿಗಬೇಕು, ಇದು ನ್ಯಾಯ. ಆ ಭಾರವನ್ನು ಹೊತ್ತು ನಡೆಯಲು ಅವನ ಪಕ್ಕದಲ್ಲಿ ಒಬ್ಬರು ನಡೆಯಬೇಕು, ಇದು ದಯೆ. ಒಬ್ಬನೇ ನಡೆಯುವ ಹುಡುಗ ಬಹುಶಃ ಭಾರವನ್ನು ಎಸೆದು ಓಡುತ್ತಾನೆ. ಪಕ್ಕದಲ್ಲಿ ಯಾರಾದರೂ ಇದ್ದರೆ ‘ನಾನು ಮಾಡಿದ್ದು ತಪ್ಪು’ ಎನ್ನುವ ಧೈರ್ಯ ಬರುತ್ತದೆ. ಆಗ ಮಾತ್ರ ನೊಂದವರಿಗೂ ನಿಜವಾದ ನ್ಯಾಯ ಸಿಗುತ್ತದೆ.

ಊರಿಗೆ ಮರಳಿದ ಮೇಲೆ

ನಿಜವಾದ ಪರೀಕ್ಷೆ ಬಿಡುಗಡೆಯ ಮರುದಿನ ಶುರುವಾಗುತ್ತದೆ. ಹುಡುಗ ಊರಿಗೆ ಬರುತ್ತಾನೆ. ಚಹಾದಂಗಡಿಯಲ್ಲಿ ಮಾತು ನಿಲ್ಲುತ್ತದೆ. ‘ಅವ ಜೇಲಿಗೆ ಹೋಗಿ ಬಂದಾನ್ರೀ’ ಎಂದು ಯಾರೋ ಪಿಸುಗುಡುತ್ತಾರೆ. ಶಾಲೆಯಲ್ಲಿ ಸೇರಿಸಿಕೊಳ್ಳಲು ಅನುಮಾನ. ಯಾರದೇ ಮನೆಯಲ್ಲಿ ಏನೇ ಕಳೆದರೂ ಮೊದಲು ಅವನ ಮನೆಗೆ ಜನ ಹೋಗುತ್ತಾರೆ. ಕಡೆಗೆ ಅವನನ್ನು ಪ್ರೀತಿಯಿಂದ ಕರೆಯುವವರು ಹಳೆಯ ಗೆಳೆಯರು ಮಾತ್ರ. ಅವನು ಅಲ್ಲಿಗೇ ಹೋದರೆ ‘ನಾವು ಮೊದಲೇ ಹೇಳಿದ್ದೆವು’ ಎನ್ನುತ್ತೇವೆ.

ಕಾನೂನು ಇಲ್ಲಿಯೂ ನಮಗಿಂತ ಒಂದು ಹೆಜ್ಜೆ ಮುಂದಿದೆ. ತಪ್ಪು ಸಾಬೀತಾದರೂ ಆ ಕಾರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು. ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಗಳನ್ನು ನಾಶಮಾಡಬೇಕು. ದೊಡ್ಡವರಂತೆ ವಿಚಾರಣೆಗೊಳಗಾದ ಕೆಲವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಬಾಲ್ಯದ ಪ್ರಕರಣವನ್ನು ನೆಪಮಾಡಿ ಉದ್ಯೋಗ ನಿರಾಕರಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಂಸ್ಥೆಯಲ್ಲಿದ್ದು ಹದಿನೆಂಟು ತುಂಬಿ ಹೊರಬರುವವರಿಗೆ ಇಪ್ಪತ್ತೊಂದರವರೆಗೆ ಅನುಪಾಲನೆಯ ನೆರವು ದೊರೆಯುವ ಅವಕಾಶವೂ ಇದೆ. ಸರಕಾರ ತನ್ನ ಕಡತವನ್ನು ಸುಟ್ಟುಹಾಕಲು ಸಿದ್ಧ. ನಮ್ಮ ನಾಲಿಗೆಯ ಮೇಲಿನ ಕಡತವನ್ನು ಸುಡುವವರು ಯಾರು?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಹುಡುಗರನ್ನು ಬಯ್ಯಲು ಬಳಸುತ್ತೇವೆ. ಅದರ ಇನ್ನೊಂದು ಅರ್ಥವೂ ಇದೆ: ಗಿಡ ಇನ್ನೂ ಬಗ್ಗುತ್ತದೆ. ಆದರೆ ಬಗ್ಗಿಸುವ ಕೈ ಮೃದುವಾಗಿರಬೇಕು, ದಿನವೂ ನೀರು ಹಾಕುವ ಕೈಯೇ ಆಗಿರಬೇಕು. ದೂರದಲ್ಲಿ ನಿಂತು ಕಲ್ಲು ಎಸೆಯುವ ಕೈಯಿಂದ ಯಾವ ಗಿಡವೂ ನೆಟ್ಟಗಾದದ್ದಿಲ್ಲ.

ಚಿಂತನೆಗೆ

ಫಿಲೆಮೋನನಿಗೆ ಬರೆದ ಪತ್ರವನ್ನು ಈ ವಾರ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಓದಿ, ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ.

1. ನಮ್ಮ ಓಣಿಯಲ್ಲಿ ‘ಕೆಟ್ಟ ಹುಡುಗ’ ಎಂದು ಹೆಸರು ಬಿದ್ದ ಮಗು ಯಾರು? ಅವನ ನಿಜವಾದ ಹೆಸರಿನಿಂದ ಅವನನ್ನು ಕರೆದು ಮಾತಾಡಿಸಿ ಎಷ್ಟು ದಿನವಾಯಿತು?

2. ತಂದೆತಾಯಿ ಗುಳೆ ಹೋದ ಮನೆಗಳಲ್ಲಿ ಉಳಿದ ಮಕ್ಕಳನ್ನು ಕೇಳುವವರು ಯಾರಿದ್ದಾರೆ? ಹಿಡಿಯಲ್ಪಡುವ ಮೊದಲೇ ಅವರ ಬಳಿಗೆ ನಾವು ಹೋಗಬಾರದೇಕೆ?

3. ನಮ್ಮ ಮಗನೇ ಆ ಜಾಗದಲ್ಲಿದ್ದರೆ ಅವನನ್ನು ನೋಡಲು ಯಾರು ಬರಬೇಕೆಂದು ಬಯಸುತ್ತಿದ್ದೆವು?

4. ನಮ್ಮ ಧರ್ಮಕೇಂದ್ರದಿಂದ ತಿಂಗಳಿಗೆ ಎರಡು ದಿನ, ಕನಿಷ್ಠ ಒಂದು ವರ್ಷ, ತಪ್ಪದೆ ಹೋಗಬಲ್ಲ ಇಬ್ಬರು ಅಥವಾ ಮೂವರು ಯಾರು?

ನಾಲ್ಕನೆಯ ಪ್ರಶ್ನೆಗೆ ಉತ್ತರವಾಗಿ ಹೆಸರುಗಳು ಸಿಕ್ಕರೆ ಮುಂದಿನ ಭಾನುವಾರ ಬಲಿಪೂಜೆಯ ನಂತರ ನಿಮ್ಮ ಧರ್ಮಗುರುಗಳ ಕೈಗೆ ಆ ಚೀಟಿಯನ್ನು ಕೊಡಿ. ನೂರು ಹೆಸರು ಬೇಕಿಲ್ಲ. ಒನೇಸಿಮನಿಗೆ ಒಬ್ಬ ಪೌಲ ಸಾಕಾದರು.